ಭಾನುವಾರಕ್ಕೊಂದು ಫೈರ್ ಎಂಜಿನ್

ಟಿನ್‌ಸ್ಪೂನ್ ಗುಡ್ಡದ ಕಾವಲು ಗೋಪುರ
10 ಜೂನ್ 2018

ಪ್ರೀತಿಯ ಅಕ್ಕ ಆಡ್ರಾ,

ಗುಡ್ಡ ಹತ್ತಿ ನಾಲ್ಕು ದಿನವಾಯಿತು. ಚಳಿಗಾಲದಲ್ಲಿ ನನ್ನ ಹಾಸಿಗೆಯೊಳಗೆ ಯಾವುದೋ ಇಲಿ ಸಂಸಾರ ಹೂಡಿತ್ತು. ಅದನ್ನು ಒಕ್ಕಲೆಬ್ಬಿಸಿ, ನಾಲ್ಕು ಕಡೆಯ ಕಿಟಕಿಗಳನ್ನೂ ಉಜ್ಜಿ ಮುಗಿಸಿದೆ. ಇನ್ನು ಮಳೆಗಾಲ ಹಿಡಿಯುವವರೆಗೆ ಕಾಡಿನಲ್ಲಿ ಎಲ್ಲಿ ಹೊಗೆ ಎದ್ದರೂ ನನ್ನ ಕಣ್ಣಿಗೆ ಬೀಳಬೇಕು, ಬಿದ್ದರೆ ರೇಡಿಯೋದಲ್ಲಿ ಅರಣ್ಯ ಕಚೇರಿಗೆ ಹೇಳಬೇಕು. ಅರವತ್ತು ದಾಟಿದ ಬಡಗಿಗೆ ಇದಕ್ಕಿಂತ ಒಳ್ಳೆಯ ಬೇಸಿಗೆ ಕೆಲಸ ಉಂಟೆ? ಇಲ್ಲಿ ವಾದಕ್ಕೆ ಬರುವವರೇ ಇಲ್ಲ. ವಾದ ಬೇಕೆನಿಸಿದಾಗ ನಿನಗೆ ಬರೆಯುತ್ತೇನೆ. ಡೋವಿ ತನ್ನ ಹೇಸರಗತ್ತೆಗಳ ಮೇಲೆ ದಿನಸಿ ತಂದಾಗ ಕಾಗದ ಒಯ್ಯುತ್ತಾಳೆ.

ನಿನ್ನಿಂದ ಮೂರು ಕೆಲಸ ಆಗಬೇಕು. ಮೊದಲನೆಯದು, ದೋಣಿ. ಆರು ಚಳಿಗಾಲ ನದಿ ತಿರುವಿನ ದೋಣಿಮನೆಯಲ್ಲಿ ಕೂತು ಕಟ್ಟಿದ್ದೇನೆ, ಈಗ ಒಂದು ಕೈ ಅಗಸೆ ಎಣ್ಣೆ ಕುಡಿಸಿದರೆ ಮುಗಿಯಿತು. ನೀನು ನಿವೃತ್ತಳಾದ ವರ್ಷ ಇಬ್ಬರೂ ಅದರಲ್ಲಿ ಕೂತು ಸಮುದ್ರದವರೆಗೆ ಹೋಗುವುದೆಂದು ಮಾತಾಗಿದೆಯಲ್ಲ. ಎರಡನೆಯದು, ಫೈರ್ ಸ್ಟೇಷನ್ನಿನಲ್ಲಿ ಪಡೆಗೆ ದುಡ್ಡು ಕೂಡಿಸುವ ಜುಲೈ ಒಂದರ ಪ್ಯಾನ್‌ಕೇಕ್ ಉಪಾಹಾರ. ಡೆಲ್ಬರ್ಟ್ ಹಿಟ್ಟಿಗೆ ನೀರು ಜಾಸ್ತಿ ಸುರಿಯುತ್ತಾನೆ, ಅವನ ಕೈ ತಡೆ. ಮೂರನೆಯದು, ಊರಲ್ಲಿ ಮತ್ತೆ ಯಾವುದೋ ತೆರಿಗೆಯ ಮಾತು ಎದ್ದಿದೆಯಂತೆ. ನನ್ನ ‘ಬೇಡ’ ಹಲಗೆಗಳು ದೋಣಿಮನೆಯ ಗೋಡೆಗೆ ಒರಗಿವೆ. ಆ ಕೆಂಪು ಹಲಗೆಗಳು ಬೀದಿಗೆ ಬಂದ ಮೇಲೆ ಬದುಕಿ ಉಳಿದ ತೆರಿಗೆ ಗ್ಯಾರೆಟ್ ಫೆರಿಯಲ್ಲಿ ಇನ್ನೂ ಹುಟ್ಟಿಲ್ಲ. ಹೊರಗಿಡಿಸು.

ನಿನ್ನ ತಮ್ಮ,
ಹಾರ್ಲನ್

•

ಗ್ಯಾರೆಟ್ ಫೆರಿ, ಆರಿಗನ್
18 ಜೂನ್ 2018

ಹಾರ್ಲನ್,

ದೋಣಿಗೆ ಎಣ್ಣೆ ಹಚ್ಚುವುದನ್ನು ಡೆಲ್ಬರ್ಟ್ ಒಪ್ಪಿಕೊಂಡಿದ್ದಾನೆ. ಹಿಟ್ಟಿನ ವಿಷಯವನ್ನೂ ಅವನ ಕಿವಿಗೆ ಹಾಕಿದೆ. “ಸ್ವಯಂಸೇವಕ ಪಡೆಯ ಮುಖ್ಯಸ್ಥ ನಾನೋ ಅವನೋ?” ಎಂದು ಹಾರಾಡಿದ. ಮೂರನೆಯ ಕೆಲಸ ನನ್ನಿಂದಾಗದು. ಏಕೆಂದರೆ, ಕೂತುಕೊಂಡು ಓದು, ಈ ಸಲದ ‘ಬೇಕು’ ಸಮಿತಿಯ ಅಧ್ಯಕ್ಷೆ ನಾನೇ.

ತೆರಿಗೆ ಏನೆಂದು ನೀನು ಓದುವುದಿಲ್ಲ, ಬೇಡ ಎಂದು ಮಾತ್ರ ಬರೆಯುತ್ತೀಯ. ಅದಕ್ಕೆ ನಾನೇ ಹೇಳುತ್ತೇನೆ. ಊರೊಳಗೆ ದುಡಿಯುವವರ ಸಂಬಳದಲ್ಲಿ ನೂರು ಡಾಲರಿಗೆ ಮೂವತ್ತು ಸೆಂಟು, ಸಂಬಳ ಕೊಡುವವರಿಂದ ಇಪ್ಪತ್ತು. ಆ ದುಡ್ಡು ಫೈರ್ ಸ್ಟೇಷನ್ನು, ಆಂಬುಲೆನ್ಸು, ಪೊಲೀಸು ಬಿಟ್ಟು ಬೇರೆಡೆಗೆ ಹೋಗುವಂತಿಲ್ಲ. ಕಾಡಿನ ಮರ ಮಾರಿ ಊರಿಗೆ ಬರುತ್ತಿದ್ದ ದುಡ್ಡು ಬತ್ತಿದ ಮೇಲೆ ಶನಿವಾರ ಮಧ್ಯಾಹ್ನ ಸ್ಟೇಷನ್ನಿಗೆ ಬೀಗ ಬಿದ್ದರೆ ತೆಗೆಯುವುದು ಸೋಮವಾರ ಬೆಳಿಗ್ಗೆ. ಆ ಬೀಗ ತೆಗೆಸುವುದಷ್ಟೇ ಇದರ ಕೆಲಸ.

ಶನಿವಾರ ಭಾನುವಾರ ತುರ್ತು ಕರೆಯ ಕುರ್ಚಿಯಲ್ಲಿ ಕೂರುವವಳು ನಿನ್ನ ಅಕ್ಕ. ನಾನು ಏನು ಹೇಳಬೇಕೆಂದು ಗೊತ್ತಿದೆಯೇ? “ಈಗ ನಮ್ಮಲ್ಲಿ ಕಳಿಸೋಕೆ ಯಾರೂ ಇಲ್ಲ. ಪಕ್ಕದೂರಿಂದ ಬರಬೇಕು, ಕಾಯ್ತಾ ಇರಿ.” ಏಪ್ರಿಲ್‌ನಲ್ಲಿ ಬೇಕರಿಯ ಇಲ್ಸಾಗೆ ಹೀಗೆ ಹೇಳಿದೆ. ಅವಳ ಗಂಡ ಹಿಟ್ಟಿನ ಮೂಟೆಗಳ ನಡುವೆ ಕುಸಿದಿದ್ದ. ಗಾಡಿ ಬರುವವರೆಗೆ ಒಂದು ಗಂಟೆಯ ಹತ್ತಿರ ನಾನು ಅವಳ ಜೊತೆ ಫೋನಿನಲ್ಲಿದ್ದೆ. ಅವನು ಬದುಕಿಕೊಂಡ, ಆದರೆ ಬಲಗೈ ಏಳುವುದಿಲ್ಲ. ಇಲ್ಸಾ ಈಗಲೂ ನನ್ನಿಂದ ಬ್ರೆಡ್ಡಿಗೆ ದುಡ್ಡು ತೆಗೆದುಕೊಳ್ಳುವುದಿಲ್ಲ. “ನೀವು ಅಷ್ಟು ಹೊತ್ತು ಮಾತಾಡಿದ್ರಲ್ಲ” ಅನ್ನುತ್ತಾಳೆ. ಆ ಬ್ರೆಡ್ಡು ನನ್ನ ಗಂಟಲಲ್ಲಿ ಇಳಿಯುವುದಿಲ್ಲ ಹಾರ್ಲನ್.

ಸೆಪ್ಟೆಂಬರ್ ಹದಿನೆಂಟಕ್ಕೆ ಮತದಾನ. ತೆರಿಗೆ ಸೋತರೆ ನಾನು ಆ ಕುರ್ಚಿಯಿಂದ ಎದ್ದುಬಿಡುತ್ತೇನೆ. “ಯಾರೂ ಇಲ್ಲ” ಎಂಬ ಮಾತು ಇನ್ನು ನನ್ನ ಬಾಯಿಂದ ಹೊರಡದು.

ಇನ್ನೊಂದು. ಆ ಗುಡ್ಡದ ಮೇಲೆ ಹೊಗೆ ಕಾಯಲು ನಿನಗೆ ಸಂಬಳ ಬರುತ್ತದಲ್ಲ, ಅದು ಪ್ಯಾನ್‌ಕೇಕ್ ಮಾರಿ ಬಂದದ್ದೋ, ತೆರಿಗೆಯಿಂದ ಬಂದದ್ದೋ?

ಅಕ್ಕ

•

ಟಿನ್‌ಸ್ಪೂನ್ ಗುಡ್ಡ
26 ಜೂನ್ 2018

ಅಧ್ಯಕ್ಷೆಯವರಿಗೆ,

ಕೊನೆಯ ಸಾಲು ಓದಿ ಡೋವಿ ಎದುರಿಗೇ ನಕ್ಕುಬಿಟ್ಟೆ. ಬಾಣ ಚೆನ್ನಾಗಿತ್ತು, ಆದರೆ ತಾಗಲಿಲ್ಲ. ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನು ನಾನು ಎಂದು ನೀನೇ ಹೇಳುತ್ತಿರುತ್ತೀಯಲ್ಲ.

ಈಗ ನನ್ನ ಮಾತು ಕೇಳು. ಡೋವಿ ಊರ ಗಡಿಯಾಚೆ ಇರುತ್ತಾಳೆ, ಚಳಿಗಾಲದಲ್ಲಿ ಊರೊಳಗೆ ಮೇವಿನ ಅಂಗಡಿಯಲ್ಲಿ ದುಡಿಯುತ್ತಾಳೆ. ಅವಳು ತೆರಿಗೆ ಕೊಡಬೇಕು, ಆದರೆ ಈ ತೆರಿಗೆಗೆ ಬೇಕು ಬೇಡ ಅನ್ನಲು ಅವಳಿಗೆ ಮತವಿಲ್ಲ. ಇದು ಯಾವ ಊರಿನ ನ್ಯಾಯ? ನಿನ್ನ ಸಮಿತಿಯಲ್ಲಿ ಇದಕ್ಕೆ ಉತ್ತರ ಇದ್ದವರು ಯಾರಾದರೂ ಇದ್ದರೆ ಬರೆಯಲಿ.

ಇನ್ನು ಪಡೆಯ ವಿಷಯ. ನನಗೆ ಇಪ್ಪತ್ತೊಂದು ವರ್ಷವಾದಾಗ ನಾನು, ಡೆಲ್ಬರ್ಟು, ಇನ್ನು ಕೆಲವರು ಸೇರಿ ಕಟ್ಟಿದ ಪಡೆ ಅದು. ಮೊದಲ ಫೈರ್ ಎಂಜಿನ್ ಕೊಂಡದ್ದು ಪ್ಯಾನ್‌ಕೇಕ್ ಮಾರಿದ ದುಡ್ಡಿನಲ್ಲಿ. ಸೈರನ್ ಕೂಗಿದರೆ ಹಜಾಮನ ಕುರ್ಚಿಯಿಂದ ಅರ್ಧ ಗಡ್ಡದಲ್ಲಿ ಎದ್ದು ಓಡಿದವರು ನಾವು. ಅಂಥ ಊರು ಈಗ ದುಡ್ಡು ಕೊಟ್ಟು ಬೆಂಕಿ ಆರಿಸಿಕೊಳ್ಳಬೇಕೆ? ಸಂಬಳಕ್ಕೆ ಬಂದವನು ಬಂದಾನು, ಅಕ್ಕಪಕ್ಕದವನು ಬರುವುದನ್ನು ಬಿಟ್ಟಾನು. ಇಷ್ಟೇ ನನ್ನ ಭಯ.

ಇದನ್ನೇ ನೀಟಾಗಿ ಬರೆದು, ಶುಲ್ಕದ ಜೊತೆ, ಎರಡೂ ಕಡೆಯ ವಾದ ಅಚ್ಚು ಹಾಕುವ ಮತದಾರರ ಕೈಪಿಡಿಗೆ ಕಳಿಸಿದ್ದೇನೆ. ‘ಬೇಡ’ ವಾದದ ಕೆಳಗೆ ನನ್ನ ಹೆಸರು ಮನೆಮನೆಗೆ ಬರುತ್ತದೆ. ಬೇಜಾರಿಲ್ಲ ತಾನೆ?

ಭಾನುವಾರ ನನ್ನ ಹೆಸರಲ್ಲಿ ಎರಡು ಪ್ಯಾನ್‌ಕೇಕ್ ತಿನ್ನು.

ಹಾರ್ಲನ್

•

ಗ್ಯಾರೆಟ್ ಫೆರಿ
3 ಜುಲೈ 2018

ಹಾರ್ಲನ್,

ಉಪಾಹಾರ ಮುಗಿಯಿತು. ಈ ವರ್ಷ ಎಂದೂ ಇಲ್ಲದ ಜನ. ಹಿಟ್ಟು ಗಟ್ಟಿಯಾಗಿತ್ತಂತೆ.

ಇಲ್ಲಿ ಸೆಖೆ. ಟೊಮೇಟೊ ಗಿಡಕ್ಕೆ ಕಡ್ಡಿ ನೆಟ್ಟೆ. ಡೆಲ್ಬರ್ಟ್ ಸ್ವಲ್ಪ ಆಯಾಸಗೊಂಡಿದ್ದಾನೆ, ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ.

ಭಾನುವಾರ ಗುಡ್ಡದ ಮೇಲೆ ಆಕಾಶ ಹೇಗಿತ್ತು? ನೋಟ ಸ್ಪಷ್ಟವಿತ್ತೇ?

ಅಕ್ಕ

•

ಟಿನ್‌ಸ್ಪೂನ್ ಗುಡ್ಡ
12 ಜುಲೈ 2018

ಅಕ್ಕ,

ಭಾನುವಾರ ಸ್ವಲ್ಪ ಮಬ್ಬಿತ್ತು. ಹೇಳಿಕೊಳ್ಳುವಂಥದ್ದೇನೂ ಕಾಣಲಿಲ್ಲ.

ಮೆಟ್ಟಿಲ ಕೆಳಗೆ ಇರುವೆಗಳು ಗೂಡು ಕಟ್ಟಿವೆ. ಗೋಪುರದ ಹಳೆಯ ಛಾವಣಿ ಕಿತ್ತು ಹೊಸದು ಹಾಕಿದರು. ಕಿತ್ತ ದೇವದಾರು ಹಲಗೆಗಳನ್ನು ಸೌದೆಗೆಂದು ನನಗೇ ಬಿಟ್ಟುಹೋಗಿದ್ದಾರೆ. ಚಳಿ ಬಿದ್ದಾಗ ಉಪಯೋಗ.

ಡೆಲ್ಬರ್ಟ್ ಆರೋಗ್ಯ ಹೇಗಿದೆ? ದೋಣಿಗೆ ಎಣ್ಣೆ ಹಚ್ಚಿದನೇ? ನದಿಯ ತಿರುವಿನ ಕಡೆ ಎಲ್ಲರೂ ಚೆನ್ನಾಗಿದ್ದಾರಾ? ಪಕ್ಕದ ಮನೆಯ ಪ್ರುಯಿಟ್ ಅಜ್ಜಿ?

ಹಾರ್ಲನ್

•

ಗ್ಯಾರೆಟ್ ಫೆರಿ
23 ಜುಲೈ 2018

ಹಾರ್ಲನ್,

ಒಂದು ವಾರ ನಿನ್ನ ಕಾಗದವನ್ನು ಅಡುಗೆಮನೆಯ ಮೇಜಿನ ಮೇಲಿಟ್ಟುಕೊಂಡು ನೋಡಿದೆ. ಸಾಕು ಈ ಕಣ್ಣಾಮುಚ್ಚಾಲೆ. ನೀನು ಕಂಡಿದ್ದೀಯ.

ಆ ಭಾನುವಾರ ಅರಣ್ಯ ಕಚೇರಿಯವರು ನನ್ನ ಮೇಜಿಗೇ ಫೋನು ಮಾಡಿದ್ದರು. “ಟಿನ್‌ಸ್ಪೂನ್ ಗೋಪುರದವರು ಹೇಳ್ತಿದಾರೆ, ನಿಮ್ಮೂರಲ್ಲಿ ನದಿ ತಿರುವಿನ ಹತ್ರ ಹೊಗೆ ಎದ್ದಿದೆ ಅಂತ.” ಊರವರ ಮೊದಲ ಕರೆಗಿಂತ ಮುಂಚೆ ನಿನ್ನ ಸುದ್ದಿ ಬಂತು. ಅಷ್ಟು ದೂರದಿಂದ ನೀನೇ ಎಲ್ಲರಿಗಿಂತ ಮೊದಲು ಕಂಡೆ. ಆಮೇಲೆ ನನಗೆ ಬರೆಯುತ್ತೀಯ, ಏನೂ ಕಾಣಲಿಲ್ಲ ಎಂದು!

ನೀನು ಕೇಳಲಿ ಎಂದು ನಾನು ಕಾದೆ. ನಾನು ಹೇಳಲಿ ಎಂದು ನೀನು ಕಾದೆಯೇನೋ. ಈಗ ನಾನೇ ಹೇಳುತ್ತೇನೆ, ಧೈರ್ಯ ತಂದುಕೊ.

ಉರಿದದ್ದು ನಿನ್ನ ದೋಣಿಮನೆ. ದೋಣಿ ಹೋಯಿತು.

ಡೆಲ್ಬರ್ಟ್ ಅಂದು ಬೆಳಿಗ್ಗೆ ಎಣ್ಣೆ ಹಚ್ಚಿದ. ಹಿಟ್ಟು ಕಲಸಲು ಹೊತ್ತಾಯಿತೆಂದು ಎಣ್ಣೆಬಟ್ಟೆಗಳನ್ನು ಮೂಲೆಯಲ್ಲಿ ಮುದ್ದೆ ಮಾಡಿ ಎಸೆದು ಓಡಿದ. ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದರೆ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ ಎಂದು ಶಾಲೆಯ ಮಕ್ಕಳಿಗೆ ಪ್ರತಿ ವರ್ಷ ಪಾಠ ಹೇಳುವವನೇ ಅವನು. ಮೂರು ದಿನ ಊಟ ಬಿಟ್ಟ. “ಹಾರ್ಲನ್‌ಗೆ ಹೇಳ್ಬೇಡ ಆಡ್ರಾ, ನಾನೇ ಹೋಗಿ ಹೇಳ್ತೀನಿ” ಎಂದು ಅತ್ತ. ಅವನ ಮಂಡಿಗೆ ಆ ಗುಡ್ಡ ಹತ್ತಲಾಗುತ್ತದೆಯೇ? ಅದಕ್ಕೇ ನಾನು ಬಾಯಿಗೆ ಬೀಗ ಹಾಕಿಕೊಂಡಿದ್ದೆ.

ಅದಕ್ಕಿಂತ ದೊಡ್ಡ ಮಾತು ಇನ್ನೂ ಇದೆ. ಕರೆ ಬಂದಾಗ ಪಡೆಯ ಎಲ್ಲರೂ ಸ್ಟೇಷನ್ನಿನಲ್ಲೇ ಇದ್ದರು, ಏಪ್ರನ್ ಕಟ್ಟಿಕೊಂಡು. ಎಲ್ಲರೂ ಎಂದರೆ ಎಷ್ಟು ಜನ ಅಂದುಕೊಂಡೆ? ಏಳು. ಅವರಲ್ಲಿ ನಿನಗಿಂತ ಚಿಕ್ಕವರು ಇಬ್ಬರೇ. ಉಳಿದ ಹರೆಯದವರೆಲ್ಲ ದುಡಿಯಲು ಬೇರೆ ಊರಿಗೆ ಹೋಗುತ್ತಾರೆ. ಎಂಜಿನ್ನು ಹೊರಗೆ ಹುಲ್ಲಿನ ಮೇಲೆ, ಅದರ ತುಂಬ ಮಕ್ಕಳು. ಮಕ್ಕಳನ್ನು ಇಳಿಸಿದರು. ಆದರೆ ಎಂಜಿನ್ನು ಬೀದಿಗೆ ಇಳಿಯಬೇಕಲ್ಲ! ಫೈರ್ ಎಂಜಿನ್ ಉಳಿಸಲು ಬಂದ ಊರೇ ತನ್ನ ಕಾರುಗಳನ್ನೆಲ್ಲ ಅದರ ಮುಂದೆ ನಿಲ್ಲಿಸಿ ಪ್ಯಾನ್‌ಕೇಕ್ ತಿನ್ನುತ್ತ ಕೂತಿತ್ತು. ದಾರಿಗೆ ಅಡ್ಡ ನಿಂತಿದ್ದ ಒಂದು ಪಿಕಪ್ಪಿನ ಕೀಲಿ ಬ್ಯಾಂಡಿನಲ್ಲಿ ತುತ್ತೂರಿ ಊದುವವನ ಜೇಬಿನಲ್ಲಿತ್ತು. ಕೈಯಲ್ಲಿ ಸಟ್ಟುಗ ಹಿಡಿದೇ ಡೆಲ್ಬರ್ಟ್ ಆ ಗಾಡಿ ತಳ್ಳುತ್ತಿದ್ದ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರು ಅನ್ನುತ್ತಾರಲ್ಲ, ನಮ್ಮವರು ಬಾವಿಯ ಹೆಸರಲ್ಲಿ ಊಟ ಹಾಕಿಸಿದರು.

ಇತ್ತ ನನ್ನ ಫೋನು ಬಡಿದುಕೊಳ್ಳುತ್ತಲೇ ಇತ್ತು. ಪ್ರುಯಿಟ್ ಅಜ್ಜಿ ಗಾಲಿಕುರ್ಚಿಯಲ್ಲಿ ಒಬ್ಬಳೇ ಇದ್ದಳು. “ಗೋಡೆ ಬಿಸಿಯಾಗ್ತಿದೆ ಕಣಮ್ಮ, ಯಾರು ಬರ್ತಿದಾರೆ?” ಎಂದು ಕೇಳಿದಳು. ನನಗೆ ಸುಳ್ಳು ಹೇಳಲು ಬರಲಿಲ್ಲ. ದೇವರ ದಯೆ, ಅಂಚೆಯವನ ಹೆಂಡತಿ ಆ ದಾರಿಯಲ್ಲಿ ಹೋಗುತ್ತಿದ್ದವಳು ಅಜ್ಜಿಯನ್ನು ಕುರ್ಚಿಸಮೇತ ಹೊರಗೆಳೆದಳು. ಆ ಮನೆಯ ಗೋಡೆಯ ಬಣ್ಣ ಗುಳ್ಳೆ ಎದ್ದಿದೆ.

ನಿನ್ನ ‘ಬೇಡ’ ಹಲಗೆಗಳೂ ಅದರಲ್ಲೇ ಹೋದವು. ಅದಕ್ಕೆ ಮಾತ್ರ ನಾನು ಅಳಲಿಲ್ಲ.

ದೋಣಿಗಾಗಿ ಅತ್ತೆ.

ಆಡ್ರಾ

•

ಗ್ಯಾರೆಟ್ ಫೆರಿ
22 ಆಗಸ್ಟ್ 2018

ಹಾರ್ಲನ್,

ಡೋವಿ ಮೂರನೆಯ ಸಲ ಬರಿಗೈಯಲ್ಲಿ ಬಂದಳು. “ಬದುಕಿದಾನೆ ಬಿಡಿ. ಆದ್ರೆ ನಾನು ಹೋದ್ರೆ ಬೆನ್ನು ಹಾಕ್ಕೊಂಡು ದುರ್ಬೀನು ನೋಡ್ತಾ ಕೂತಿರ್ತಾನೆ. ನನ್ ಕತ್ತೆಗಳೇ ವಾಸಿ, ಒಂದ್ಸಲ ಆದ್ರೂ ಕೂಗ್ತವೆ” ಅಂದಳು. ಅಷ್ಟಾದರೂ ತಿಳಿಯಿತು.

ಕೈಪಿಡಿ ಮನೆಮನೆಗೆ ಬಂದಿದೆ. ಎಡಪುಟದಲ್ಲಿ ನಾನು, ಬಲಪುಟದಲ್ಲಿ ನೀನು. ನಿನ್ನ ಬರಹ ಚೆನ್ನಾಗಿದೆ, ಹಾಳಾದವನೇ. “ಅಕ್ಕಪಕ್ಕದವನು ಬರುವುದನ್ನು ಬಿಟ್ಟಾನು” ಎಂಬ ಸಾಲನ್ನು ಹೋಟೆಲಿನ ಗೋಡೆಗೆ ಅಂಟಿಸಿದ್ದಾರೆ. ಬೆಂಕಿಯನ್ನು ಕಣ್ಣಾರೆ ಕಂಡ ಜನವೇ, “ಹಾರ್ಲನ್‌ದೇ ದೋಣಿಮನೆ ಸುಟ್ಟಿದ್ದು, ಅವನೇ ಬೇಡ ಅಂತಾನೆ. ನಮಗ್ಯಾಕೆ ಬೇಕು?” ಅನ್ನುತ್ತಾರೆ. ಇದಕ್ಕೆ ನಾನೇನು ಉತ್ತರ ಕೊಡಲಿ?

ಸೋಲುತ್ತೇವೆ ಅನಿಸುತ್ತದೆ. ರಾಜೀನಾಮೆ ಬರೆದು ಚೀಲದಲ್ಲಿಟ್ಟುಕೊಂಡಿದ್ದೇನೆ. ನೀನು ಸಿಟ್ಟಾಗಿರು, ಪರವಾಗಿಲ್ಲ. ಆದರೆ ಉಣ್ಣುತ್ತಿರು.

ಅಕ್ಕ

•

ಟಿನ್‌ಸ್ಪೂನ್ ಗುಡ್ಡ
28 ಆಗಸ್ಟ್ 2018

ಅಕ್ಕ,

ಸಿಟ್ಟಿಲ್ಲ. ನಾಚಿಕೆ. ಅದನ್ನು ಬರೆಯಲು ಇಷ್ಟು ದಿನ ಹಿಡಿಯಿತು.

ಬೆಂಕಿಗೆ ನೀರು ಬಿದ್ದರೆ ದೂರದಿಂದಲೂ ತಿಳಿಯುತ್ತದೆ. ಕಪ್ಪು ಹೊಗೆ ಬೆಳ್ಳಗಾಗುತ್ತದೆ, ಅದು ಹಬೆ. ಅಂದು ನಾನು ರೇಡಿಯೋದಲ್ಲಿ ಹೇಳಿ ಮುಗಿಸಿ ದುರ್ಬೀನು ಹಿಡಿದು ಕೂತೆ. ‘ಈಗ ಬರ್ತಾರೆ, ಇವತ್ತು ಎಲ್ಲರೂ ಸ್ಟೇಷನ್ನಲ್ಲೇ ಇದಾರೆ, ಈಗ ಬೆಳ್ಳಗಾಗುತ್ತೆ’ ಎಂದು ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದೆ. ಹೊಗೆ ಇನ್ನೂ ಕಪ್ಪಾಯಿತು. ಕಾಫಿ ಒಲೆಯ ಮೇಲೆ ಇಂಗಿ ಪಾತ್ರೆ ಸೀದುಹೋಯಿತು. ಬೆಳ್ಳಗಾಗಲೇ ಇಲ್ಲ ಅಕ್ಕ. ಉರಿಯುವುದೆಲ್ಲ ಉರಿದು ತಾನಾಗಿ ತೆಳುವಾಯಿತು.

ಆ ತಿರುವು ನನಗೆ ಗೊತ್ತಿಲ್ಲವೇ? ಅಲ್ಲಿರುವುದು ನನ್ನ ದೋಣಿಮನೆ, ಅದರ ಪಕ್ಕ ಪ್ರುಯಿಟ್ ಅಜ್ಜಿ. ಆದರೂ ಯಾರದೋ ಹುಲ್ಲಿನ ಬಣವೆ ಎಂದು ನನಗೆ ನಾನೇ ಹೇಳಿಕೊಂಡೆ. ಕೇಳಿದರೆ ನೀನು ಹೇಳುತ್ತೀಯ, ಹೇಳಿದರೆ ನನ್ನ ವಾದ ಬೀಳುತ್ತದೆ. ಅದಕ್ಕೆ ಕೇಳಲಿಲ್ಲ. ಆ ಬರಹವನ್ನು ವಾಪಸು ತೆಗೆಸಲು ಆಗ ಇನ್ನೂ ಸಮಯವಿತ್ತು, ನಾನು ಸುಮ್ಮನೆ ಇರುವೆ ನೋಡುತ್ತ ಕೂತೆ.

ದೋಣಿ ಹೋದದ್ದಕ್ಕೆ ದುಃಖವಿದೆ. ಸುಳ್ಳೇಕೆ ಹೇಳಲಿ, ಎರಡು ರಾತ್ರಿ ಮಗುವಿನ ಹಾಗೆ ಅತ್ತೆ. ಆದರೆ ನಿದ್ದೆ ಕೆಡಿಸುವುದು ದೋಣಿಯಲ್ಲ. “ಯಾರು ಬರ್ತಿದಾರೆ?” ಎಂದು ಕೇಳಿದಳಲ್ಲ ಅಜ್ಜಿ, ಅದು.

ನನಗೆ ತೆರಿಗೆ ಈಗಲೂ ಆಗದು, ತಿಳಿದುಕೊ. ಆದರೆ ಬೆಂಕಿ ಅದಕ್ಕಿಂತ ಆಗದು. ಅಕ್ಕಪಕ್ಕದವರು ಬರುವುದನ್ನು ಬಿಟ್ಟಾರು ಎಂದು ಬರೆದೆ. ಅಂದು ಅಕ್ಕಪಕ್ಕದವರೆಲ್ಲ ಬಂದಿದ್ದರು, ಕಾರು ತಳ್ಳುತ್ತಿದ್ದರು. ಬಾರದೆ ಇದ್ದದ್ದು ನೀರು.

ಈಗ ಕೆಲಸದ ಮಾತು. ಈ ಕಾಗದದ ಜೊತೆ ಡೋವಿಯ ಕತ್ತೆಗಳ ಮೇಲೆ ದೇವದಾರು ಹಲಗೆಗಳು ಬರುತ್ತಿವೆ. ಗೋಪುರದ ಛಾವಣಿಯವೇ. ಸೌದೆಗೆಂದು ಕೊಟ್ಟದ್ದು, ಬಣ್ಣ ನನ್ನ ದುಡ್ಡಿನದು, ಬರೆದದ್ದು ನನ್ನ ರಜಾ ದಿನಗಳಲ್ಲಿ; ಸರ್ಕಾರದ ಗಂಟಿನಲ್ಲಿ ಪ್ರಚಾರ ಮಾಡಿದನೆಂದು ಯಾರೂ ಬಾಯಿ ತೆಗೆಯುವಂತಿಲ್ಲ. ಅದೇ ಕೆಂಪು, ಅದೇ ಅಕ್ಷರ. ಬರೆದದ್ದು ಮಾತ್ರ ‘ಬೇಕು’. ನನ್ನ ಹಳೆಯ ಹಲಗೆಗಳು ಎಲ್ಲೆಲ್ಲಿ ನಿಲ್ಲುತ್ತಿದ್ದವೋ ಅಲ್ಲಲ್ಲೇ ನೆಡು. ಮೊದಲನೆಯದು ಆ ಹೋಟೆಲಿನ ಎದುರಿಗೆ.

ಡೆಲ್ಬರ್ಟ್‌ಗೆ ಹೇಳು, ಎಣ್ಣೆಬಟ್ಟೆಯನ್ನು ನೀರಿನ ಡಬ್ಬದಲ್ಲಿ ಹಾಕಬೇಕು ಎಂದು. ಆಮೇಲೆ ಅವನ ಬೆನ್ನು ತಟ್ಟು. ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನಲವತ್ತು ವರ್ಷದ ಗೆಳೆತನ ಬಿಡುವುದಿಲ್ಲ.

ಮತ ಎಣಿಸಿದ ಮರುದಿನ, ಬುಧವಾರ ಬೆಳಿಗ್ಗೆ, ಗೆದ್ದಿದ್ದರೆ ದೋಣಿಮನೆ ಇದ್ದ ಜಾಗದಲ್ಲಿ ನಿಂತು ಕನ್ನಡಿಯಲ್ಲಿ ಬಿಸಿಲು ಹಿಡಿದು ಗುಡ್ಡದ ಕಡೆ ತೋರಿಸು. ಸೋತಿದ್ದರೆ ಏನೂ ಬೇಡ. ನಾನು ನೋಡುತ್ತಿರುತ್ತೇನೆ.

ರಾಜೀನಾಮೆ ಚೀಲದಲ್ಲೇ ಇರಲಿ.

ಹಾರ್ಲನ್

•

ಗ್ಯಾರೆಟ್ ಫೆರಿ
6 ಸೆಪ್ಟೆಂಬರ್ 2018

ನನ್ನ ಹಠಮಾರಿ ತಮ್ಮಾ,

ನೀನು ಇದನ್ನು ನೋಡಬೇಕಿತ್ತು! ಡೋವಿ ಹಲಗೆಗಳನ್ನು ಲಾರಿಗೆ ಹಾಕುವುದಿಲ್ಲ ಎಂದಳು. “ಗುಡ್ಡದಿಂದ ಕತ್ತೆ ಮೇಲೆ ಬಂದಿದ್ದು, ಊರೊಳಗೂ ಕತ್ತೆ ಮೇಲೇ ಬರ್ಲಿ.” ಶನಿವಾರ ಸಂತೆಯ ಹೊತ್ತಿಗೆ ಎಂಟು ಹೇಸರಗತ್ತೆಗಳು ಸಾಲಾಗಿ ದೊಡ್ಡ ಬೀದಿಗೆ ಬಂದವು, ಎರಡೂ ಮಗ್ಗುಲಲ್ಲಿ ನಿನ್ನ ಕೆಂಪು ಅಕ್ಷರ. ದೂರದಿಂದ ಕಂಡವರು, “ಬಂತಪ್ಪಾ ಹಾರ್ಲನ್ ಹಲಗೆ, ಮುಗೀತು ಈ ತೆರಿಗೆ ಕಥೆ” ಅಂದರು. ಹತ್ತಿರ ಬಂದ ಮೇಲೆ ನೋಡಿದರೆ ‘ಬೇಕು’! ಹೋಟೆಲಿನವನು ಕೈಯಲ್ಲಿ ಕಾಫಿ ಜಗ್ ಹಿಡಿದೇ ಹೊರಬಂದು ಓದಿದ, ಇನ್ನೊಮ್ಮೆ ಓದಿದ. “ಇದು ಅವನ ಕೈಬರಹಾನೇ?” ಎಂದು ಕೇಳಿದ. “ಆ ಸೊಟ್ಟ ಅಕ್ಷರ ಇನ್ಯಾರ್ದು?” ಅಂದೆ.

ಅಷ್ಟರಲ್ಲಿ ಒಬ್ಬ ಡೋವಿಯನ್ನು ಕೆಣಕಿದ. “ನೀನಿರೋದು ಗಡಿಯಾಚೆ. ನಿನಗೆ ಮತಾನೇ ಇಲ್ಲ, ದುಡ್ಡು ಮಾತ್ರ ಹೋಗುತ್ತೆ. ನೀನ್ಯಾಕೆ ಹೊತ್ಕೊಂಡು ಬಂದೆ?”

“ಮತ ಇಲ್ಲ, ಅದು ಅನ್ಯಾಯಾನೇ. ಆದ್ರೆ ಎದೆ ಇದೆಯಲ್ಲ? ಮೇವಿನಂಗಡೀಲಿ ಮೂಟೆ ಎತ್ತುವಾಗ ಅದು ನಿಂತ್ರೆ, ‘ತಡಿ, ಊರ ಗಡಿ ದಾಟ್ಲಿ’ ಅಂತ ಕಾಯುತ್ತಾ?” ಅಂದಳು ಡೋವಿ.

ನಗೆ ಎದ್ದಿತು. ಆ ಕೆಣಕಿದವನೇ ಮೊದಲ ಹಲಗೆ ಕೇಳಿದ. ಇಲ್ಸಾಳ ಗಂಡ ಎಡಗೈಯಲ್ಲಿ ಸುತ್ತಿಗೆ ಹಿಡಿದು ಬೇಕರಿಯ ಮುಂದೆ ತಾನೇ ಮೊಳೆ ಹೊಡೆದ. ಯಾರಿಗೂ ಮುಟ್ಟಲು ಬಿಡಲಿಲ್ಲ. ಪ್ರುಯಿಟ್ ಅಜ್ಜಿ ಎರಡು ಹಲಗೆ ತೆಗೆದುಕೊಂಡಳು, ಒಂದು ಅಂಗಳಕ್ಕೆ, ಒಂದು ಗಾಲಿಕುರ್ಚಿಯ ಬೆನ್ನಿಗೆ. ಡೆಲ್ಬರ್ಟ್‌ಗೆ ನಿನ್ನ ಮಾತು ಹೇಳಿ ಬೆನ್ನು ತಟ್ಟಿದೆ. “ಅವನಿಗೆ ಸಿಟ್ಟು ಬರ್ಬೇಕಿತ್ತು. ಈಗ ನಾನು ಅಳ್ಬೇಕಾಯ್ತಲ್ಲ” ಎಂದು ಬೈದ.

ಸಂಜೆಗೆ ಒಂದು ಹಲಗೆಯೂ ಉಳಿಯಲಿಲ್ಲ. ನಿನ್ನ ಅಂಚೆ ಮತಪತ್ರವನ್ನು ಇದರ ಜೊತೆಗೇ ಕಳಿಸುತ್ತಿದ್ದೇನೆ. ಲಕೋಟೆಯ ಮೇಲೆ ಸಹಿ ಮರೆಯಬೇಡ, ಮರೆತರೆ ಎಣಿಸುವುದಿಲ್ಲ.

ಕನ್ನಡಿ ಒರೆಸಿ ಇಟ್ಟಿದ್ದೇನೆ.

ಅಕ್ಕ

•

ಟಿನ್‌ಸ್ಪೂನ್ ಗುಡ್ಡ
19 ಸೆಪ್ಟೆಂಬರ್ 2018

ಅಕ್ಕಾ!

ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಇನ್ನಷ್ಟು ಸೊಟ್ಟಗಾದರೆ ಹೊಟ್ಟೆಗೆ ಹಾಕಿಕೊ.

ಬೆಳಗಾಗುವ ಮೊದಲೇ ಎದ್ದು ಕೂತೆ. ಸೂರ್ಯ ಬಂದ. ಆದರೆ ಕಣಿವೆಯ ತುಂಬ ಮಂಜು, ಊರೇ ಇಲ್ಲ. ಇವತ್ತೇ ಬೀಳಬೇಕಿತ್ತೇ ಈ ಹಾಳು ಮಂಜು! ಬಿಸಿಲೇರಿತು. ಮಂಜು ಅಂಚಿನಿಂದ ಸವೆಯುತ್ತ ಬಂತು. ಚರ್ಚಿನ ಗೋಪುರ ಕಂಡಿತು, ಆಮೇಲೆ ಸೇತುವೆ, ಆಮೇಲೆ ತಿರುವು. ನೋಡಿದೆ. ಏನೂ ಇಲ್ಲ. ಇನ್ನೂ ನೋಡಿದೆ, ಏನೂ ಇಲ್ಲ. ಸೋತಳು ಪಾಪ, ಕಾದು ಕಾದು ಮನೆಗೆ ಹೋಗಿರಬೇಕು ಎಂದುಕೊಂಡು ದುರ್ಬೀನು ಕೆಳಗಿಟ್ಟೆ.

ದುರ್ಬೀನು ಕೆಳಗಿಟ್ಟ ಮೇಲೆಯೇ ಕಂಡದ್ದು. ಬರಿಗಣ್ಣಿಗೆ! ಒಂದು ಚುಕ್ಕಿ ಮಿಂಚಿತು. ಅದರ ಪಕ್ಕ ಇನ್ನೊಂದು. ನಾನು ಒಂದು ಕನ್ನಡಿ ಕೇಳಿದ್ದೆ ಅಕ್ಕ, ನೀನು ಊರನ್ನೇ ಕರೆದುಕೊಂಡು ಬಂದೆಯಾ? ತಿರುವಿನ ದಡದುದ್ದಕ್ಕೂ ಮಿಂಚು, ಸೇತುವೆಯ ಮೇಲೆ ಮಿಂಚು. ನಾನು ಟೋಪಿ ಎಸೆದೆ, ಅದು ಗುಡ್ಡದ ಕೆಳಗೆ ಹೋಯಿತು. ಕೂಗಿದೆ, ಕುಣಿದೆ, ಇರುವೆಗಳಿಗೂ ಹೇಳಿದೆ. ಆಮೇಲೆ ಗಡ್ಡ ಹೆರೆಯುವ ಕನ್ನಡಿ ತೆಗೆದು ನಾನೂ ತಿರುಗಿಸಿದೆ. ನಿಮಗೆ ಕಂಡಿತೇ?

ನನ್ನ ಹಲಗೆಗಳು ಇಷ್ಟು ವರ್ಷದಲ್ಲಿ ಮೊದಲ ಸಲ ಏನನ್ನೋ ಹುಟ್ಟಿಸಿದವು. ರಾಜೀನಾಮೆ ಒಲೆಗೆ ಹಾಕು.

ಹಾರ್ಲನ್

•

ಗ್ಯಾರೆಟ್ ಫೆರಿ
4 ಮಾರ್ಚ್ 2019

ಹಾರ್ಲನ್,

ಕಡಲತೀರದ ಮರದ ಅಡ್ಡೆಯಲ್ಲಿ ದೇವದಾರು ಆರಿಸುತ್ತ ಇನ್ನೆಷ್ಟು ದಿನ ಕೂರುತ್ತೀಯ? ಹೊಸ ದೋಣಿಗೆ ಹಲಗೆ ಬೇಕು ಸರಿ, ಕಾಡನ್ನೇ ಹೊತ್ತು ತರಬೇಡ. ಡೆಲ್ಬರ್ಟ್ ಹೊಸ ದೋಣಿಮನೆಯ ನಾಲ್ಕು ಮೂಲೆಗೂ ನೀರಿನ ಡಬ್ಬ ಇಟ್ಟಿದ್ದಾನೆ.

ಅವನ ಸುದ್ದಿ ಹೇಳಲೆಂದೇ ಈ ಕಾಗದ. ಗಾಬರಿ ಬೇಡ, ಚೆನ್ನಾಗಿದ್ದಾನೆ. ಮೊದಲೇ ಹೇಳಿಬಿಟ್ಟೆ.

ನಿನ್ನೆ ಭಾನುವಾರ, ಹೊಸ ಪಡೆಯ ಮೊದಲ ಭಾನುವಾರ. ನನ್ನ ಕುರ್ಚಿಯಿರುವ ಕೋಣೆಯ ಕೆಳಗೆ, ಸ್ಟೇಷನ್ನಿನಲ್ಲಿ ಇಬ್ಬರು ಹುಡುಗಿಯರು, ಒಬ್ಬ ಹುಡುಗ, ಮೂವರೂ ಎಂಜಿನ್ನು ಒರೆಸುತ್ತಿದ್ದರು. ಮೂವರೂ ನಮ್ಮೂರವರೇ, ಕೆಲಸ ಸಿಕ್ಕಿತೆಂದು ವಾಪಸು ಬಂದವರು. ಹತ್ತೂವರೆಗೆ ಮೊದಲ ಕರೆ.

“ಆಡ್ರಾ, ನಾನು ಡೆಲ್ಬರ್ಟ್” ಎಂಬ ದನಿ. ಉಸಿರು ಸರಿಯಿರಲಿಲ್ಲ. “ಹಿಟ್ಟು ಕಲಸ್ತಿದ್ದೆ. ಎದೆ ಮೇಲೆ ಯಾರೋ ಕೂತ ಹಾಗಾಗ್ತಿದೆ. ಹೇಳ್ಬೇಡ, ನನಗೆ ಗೊತ್ತು. ಇವತ್ತು ಭಾನುವಾರ. ಯಾರೂ ಇಲ್ಲ. ಸುಮ್ನೆ ಸ್ವಲ್ಪ ಹೊತ್ತು ಮಾತಾಡ್ತಿರು, ಅಷ್ಟು ಸಾಕು.”

ತೆರಿಗೆಗಾಗಿ ಮನೆಮನೆ ಅಲೆದವನು, ಹೊಸಬರಿಗೆ ತಾನೇ ಬೀಗದ ಕೈ ಕೊಟ್ಟವನು! ನೋವಿನಲ್ಲಿ ಎಲ್ಲ ಮರೆತಿದ್ದ. ಇಷ್ಟು ವರ್ಷದ ರೂಢಿ ನೋಡು. ನನ್ನ ಬಾಯಿಯೂ ರೂಢಿಯಂತೆ ಹಳೆಯ ಮಾತಿಗೇ ತೆರೆದುಕೊಂಡಿತು. ಅಷ್ಟರಲ್ಲಿ ಕೈ ಸ್ಟೇಷನ್ನಿನ ಗಂಟೆಯ ಗುಂಡಿ ಒತ್ತಿ ಆಗಿತ್ತು.

“ಹೊರಟಿದಾರೆ ಡೆಲ್ಬರ್ಟ್” ಅಂದೆ.

“ಯಾರು?”

“ನಮ್ಮವರು. ಕೇಳು.”

ಸೈರನ್ ನನ್ನ ಕಿಟಕಿಯ ಕೆಳಗೇ ಎದ್ದಿತು. ಬೀದಿ ಖಾಲಿ, ಅಡ್ಡ ಒಂದು ಕಾರೂ ಇಲ್ಲ. ಕಿಟಕಿಯಲ್ಲಿ ಆ ಸದ್ದು ಸಣ್ಣದಾಗುತ್ತ ಹೋಯಿತು, ಫೋನಿನಲ್ಲಿ ದೊಡ್ಡದಾಗುತ್ತ ಬಂತು. ಬಾಗಿಲು ತೆರೆದ ಸದ್ದು, ಬೂಟಿನ ಸದ್ದು, ಆಮೇಲೆ ಒಬ್ಬ ಹುಡುಗಿಯ ದನಿ: “ಚೀಫ್, ಚಮಚ ಕೆಳಗಿಡಿ, ಕೈ ಕೊಡಿ.”

ನಾನು ಫೋನು ಇಡದೆ ಅಳುತ್ತ ಕೂತೆ. ಇವತ್ತು ಆಸ್ಪತ್ರೆಯಲ್ಲಿ ನೋಡಿ ಬಂದೆ. ಹೊಸ ಅಂಗಿಯನ್ನು ಆ ಹುಡುಗಿ ಕತ್ತರಿಯಲ್ಲಿ ಸೀಳಿದಳೆಂದು ಡೆಲ್ಬರ್ಟ್ ಊರೆಲ್ಲ ಕೇಳುವಂತೆ ಬೈಯುತ್ತಿದ್ದಾನೆ.

ದಾರಿಯಲ್ಲಿ ಬೇಕರಿಗೆ ಹೋದೆ. ಇಲ್ಸಾ ಎಂದಿನಂತೆ ದುಡ್ಡು ಬೇಡ ಅಂದಳು. ನಾನು ಕೊಡದೆ ಬಿಡಲಿಲ್ಲ. ಮನೆಗೆ ಬಂದು ಆ ಬ್ರೆಡ್ಡನ್ನು ಬೆಣ್ಣೆ ಹಚ್ಚಿಕೊಂಡು ಹೊಟ್ಟೆ ತುಂಬ ತಿಂದೆ.

ಅಕ್ಕ